ಹಾಸಿಗೆಯಲ್ಲಿಲ್ಲದ ತಿಗಣೆ: ಕಂಪೌಂಡರ್ ಫಕೀರಸಾಬ ಬೆಳ್ಳಟ್ಟಿಯವರು

ವೈದ್ಯರಂಗದಲ್ಲಿ ಅಭಿನಂದನ ಗ್ರಂಥಗಳು ಸಾಮಾನ್ಯವಾಗಿ ಡಾಕ್ಟರರಿಗೇ ಮೀಸಲು. ಕಂಪೌಂಡರನ ಪಾಲಿಗೆ ಬರುವುದು ಔಷಧ ಕೊಡುವ ಕಿಟಕಿ, ಅದರಾಚೆ ಖಾಲಿ ಬಾಟಲಿ ಹಿಡಿದು ನಿಂತ ಜನ, "ನಂದು ಯಾವಾಗ ಆಕೈತ್ರಿ?" ಎಂಬ ಪ್ರಶ್ನೆ, ಇಷ್ಟೇ. ಹೀಗಿರುವಾಗ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಜನ ಒಟ್ಟುಗೂಡಿ, ಮೂವತ್ತೈದು ವರ್ಷ ಆ ಕಿಟಕಿಯ ಹಿಂದೆ ನಿಂತಿದ್ದ ಒಬ್ಬರಿಗೆ ಸಂಪುಟವೊಂದನ್ನು ಅರ್ಪಿಸುತ್ತಿದ್ದಾರೆಂದರೆ ಅದಕ್ಕೆ ಬಲವಾದ ಕಾರಣವಿರಲೇಬೇಕು. ಅಫೀಮಿನಿಂದ ಕೊಕೇನಿನವರೆಗೆ, ಚಟ ಬಿಡಿಸುವ ವಿದ್ಯೆಯಲ್ಲಿ ಶ್ರೀ ಫಕೀರಸಾಬ ಬೆಳ್ಳಟ್ಟಿಯವರಷ್ಟು ಕೈ ಪಳಗಿದವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಈ ೧೯೫೭ರ ಮಾರ್ಚಿನಲ್ಲಿ ಅವರು ಬೆಟಗೇರಿಯ ನೇಕಾರ ಓಣಿಯ ಧರ್ಮದವಾಖಾನೆಯಿಂದ ನಿವೃತ್ತರಾಗಿದ್ದಾರೆ.

ಶಿರಹಟ್ಟಿಯಲ್ಲಿ ಹುಟ್ಟಿದಾಗ ಅವರು ಸಾಂಗಲಿ ಸಂಸ್ಥಾನದ ಪ್ರಜೆ. ಲಕ್ಷ್ಮೇಶ್ವರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುವಾಗ ಮಿರಜ ಸಂಸ್ಥಾನದ ಪ್ರಜೆ. ಪರೀಕ್ಷೆ ಪಾಸಾಗಿ ಮುಂಡರಗಿಯಲ್ಲಿ ಕೆಲಸಕ್ಕೆ ಸೇರಿದಾಗ ಮುಂಬಯಿ ಇಲಾಖೆಯ ಬ್ರಿಟಿಷ್ ಪ್ರಜೆ. ಚಕ್ಕಡಿಯ ಎತ್ತು ಬಿಟ್ಟು ಮೇವು ಹಾಕುವಷ್ಟರಲ್ಲಿ ಸರಕಾರ ಬದಲಾಗುತ್ತಿದ್ದ ಕಾಲವದು. ಅಫೀಮು ತಿನ್ನುವವರಿಗೆ ಅದರಿಂದ ಅನುಕೂಲವೇ ಇತ್ತು. ಒಂದು ಸರಕಾರದ ಅಂಗಡಿ ಕೊಡುವುದಿಲ್ಲವೆಂದರೆ ಎರಡು ಹರದಾರಿ ನಡೆದು ಇನ್ನೊಂದು ಸರಕಾರದ ಅಂಗಡಿಗೆ ಹೋದರಾಯಿತು. ಮುಂದೆ ದೇಶ ಸ್ವತಂತ್ರವಾಗಿ, ಸಂಸ್ಥಾನಗಳು ವಿಲೀನವಾಗಿ, ಆ ಅಂಗಡಿಗಳು ಒಂದೊಂದೇ ಕದ ಮುಚ್ಚತೊಡಗಿದಾಗ, ನಡೆಯುವ ದಾರಿ ತಪ್ಪಿದ ಜನವೆಲ್ಲ ಫಕೀರಸಾಬರ ಕಿಟಕಿಗೆ ಬಂದು ನಿಂತರು.

ಅವರ ಉಪಾಯ ಸರಳವಾದದ್ದು. ಅಫೀಮಿಗೆ ಒಗ್ಗಿದ ದೇಹಕ್ಕೆ ಅದನ್ನು ಒಮ್ಮೆಲೇ ತಪ್ಪಿಸಿದರೆ ಕಣ್ಣು ಮೂಗು ಸುರಿಯುತ್ತವೆ, ಹೊಟ್ಟೆ ನುಲಿಯುತ್ತದೆ, ಎಲುಬುಗಳೆಲ್ಲ ಮುರಿದಂತೆ ನೋಯುತ್ತವೆ. ಆದ್ದರಿಂದ ಅವರು ಗುಳಿಗೆಯ ಗಾತ್ರವನ್ನು ಮುಟ್ಟದೆ, ಒಳಗಿನ ಅಫೀಮನ್ನು ವಾರವಾರಕ್ಕೆ ತುಸುತುಸು ಕಡಿಮೆ ಮಾಡಿ, ಆ ಜಾಗದಲ್ಲಿ ಬೆಲ್ಲ ಮತ್ತು ಒಣಶುಂಠಿಯನ್ನು ಸೇರಿಸುತ್ತಿದ್ದರು. ಮುಂಡರಗಿಯ ಕರೆವ್ವನೆಂಬ ಮುದುಕಿ ಕೀಲುನೋವಿಗೆಂದು ಇಪ್ಪತ್ತು ವರ್ಷ ಅಫೀಮು ನುಂಗಿದವಳು. ಐದನೆಯ ತಿಂಗಳಲ್ಲಿ ಅವಳಿಗೆ, "ಯವ್ವಾ, ಹದಿನೈದು ದಿನದಿಂದ ನೀ ತಿನ್ನಾಕತ್ತಿದ್ದು ಬರೇ ಬೆಲ್ಲ" ಎಂದು ತಿಳಿಸಿದಾಗ ಅವಳು ನಡುಸಂತೆಯಲ್ಲಿ ಅವರ ವಂಶವನ್ನೆಲ್ಲ ಜಾಲಾಡಿದಳು. ಮರುದಿನ ಒಂದು ಗಂಟು ಶೇಂಗಾ ತಂದು ಕಿಟಕಿಯಲ್ಲಿಟ್ಟು ಹೋದಳು. ಇಂಥ ಯಶಸ್ಸು ಹತ್ತಾರು ಬಂದ ಮೇಲೆ ಎಂಥ ಮನುಷ್ಯನಿಗೂ ತನ್ನ ಕೈಯ ಮೇಲೆ ನಂಬಿಕೆ ಹೆಚ್ಚಾಗುತ್ತದೆ, ಫಕೀರಸಾಬರಿಗೂ ಹೆಚ್ಚಾಗಿತ್ತು.

ಅವರು ಬೆಟಗೇರಿಯ ದವಾಖಾನೆಗೆ ಬಂದ ಮೇಲೆ, ೧೯೪೯ರ ಬೇಸಿಗೆಯಲ್ಲಿ ಚಂದ್ರವ್ವನವರೆಂಬ ನೇಕಾರ ಗೃಹಿಣಿ ತಿಗಣೆಯ ಪುಡಿ ಕೇಳಿಕೊಂಡು ಬಂದರು. ವಾರ ಕಳೆಯುವುದರಲ್ಲಿ ಮತ್ತೆ ಬಂದರು. ಮೂರನೆಯ ಸಲ ಬರುವ ಹೊತ್ತಿಗೆ ಅವರ ಮನೆಯ ಗಾದಿಗಳೆಲ್ಲ ಸುಟ್ಟು ಬೂದಿಯಾಗಿದ್ದವು, ಮಗ್ಗದ ಕೆಳಗಿನ ಕುಣಿಗೆ ಎರಡು ಹಂಡೆ ಕುದಿನೀರು ಸುರಿದಾಗಿತ್ತು, ಗೋಡೆಗೆ ಸುಣ್ಣ ಬಳಿದಾಗಿತ್ತು. ಆದರೂ ಅವರ ಪತಿ ವಿಠೋಬಾ ಅವರು ಮೈಯೆಲ್ಲ ರಕ್ತ ಬರುವಂತೆ ಕೆರೆದುಕೊಳ್ಳುತ್ತಿದ್ದರು.

"ತಗಣಿ ನಿನಗೂ ಕಡಿತಾವೇನ, ತಂಗೀ?" ಎಂದು ಫಕೀರಸಾಬರು ಕೇಳಿದರು.

"ನನಗ ಒಂದೂ ಕಡದಿಲ್ರಿ, ಅಣ್ಣಾರ. ಬರೇ ಅವರಿಗೇ ಕಡಿತಾವ."

"ಇಬ್ಬರೂ ಒಂದ ಗಾದಿ ಮ್ಯಾಲ ಮಲಗವರು. ತಗಣಿಗೆ ಗಂಡಸರು ಹೆಂಗಸರು ಅಂತ ಭೇದ ಐತೇನ?"

ಪುಡಿ ಕೊಡದೆ, ಮಧ್ಯಾಹ್ನದ ಬಿಡುವಿನಲ್ಲಿ ಅವರೇ ಮನೆಗೆ ಹೋದರು. ಅಂಗಳದ ಸುಡುಬಿಸಿಲಿನಲ್ಲಿ ಕುಳಿತಿದ್ದರೂ ವಿಠೋಬಾ ಅವರ ಕಣ್ಣಪಾಪೆಗಳು ಔಷಧ ಹನಿಸಿದವರ ಹಾಗೆ ಅಗಲವಾಗಿದ್ದವು. ಒಲೆಯಿಂದ ಇಳಿಸಿದ ಚಹಾ ಬಂತು. ಫಕೀರಸಾಬರು ಬಟ್ಟಲು ಮುಟ್ಟಲಾರದೆ ಕುಳಿತಿದ್ದಾಗ ವಿಠೋಬಾ ಅವರು ಊದದೆಯೇ ಗಟಗಟ ಕುಡಿದುಬಿಟ್ಟರು. ಆ ನಾಲಿಗೆಗೆ ಬಿಸಿ ತಿಳಿಯುತ್ತಿರಲಿಲ್ಲ. ಕಣ್ಣಿನ ಶಸ್ತ್ರಕ್ರಿಯೆಗೆ ಮುಂಚೆ ಕಣ್ಣು ಜೋಮು ಹಿಡಿಸಲು ಹನಿಸುವ ಕೊಕೇನನ್ನು ವರ್ಷಗಟ್ಟಲೆ ಕೈಯಾರೆ ಕಲಸಿದ್ದ ಕಂಪೌಂಡರರಿಗೆ ಇನ್ನೇನೂ ಬೇಕಾಗಲಿಲ್ಲ.

"ವಿಠೋಬಾ, ಎಲಿ ಅಡಕಿ ಒಳಗ ಏನ ಹಾಕ್ಕೊಂಡು ತಿಂತಿ?"

ವಿಠೋಬಾ ಅವರು ಮೊದಲು ಸಿಟ್ಟಾದರು, ಆಮೇಲೆ ಅತ್ತರು. ಓಣಿಯ ಮಗ್ಗಗಳ ಸೀರೆಗಳನ್ನು ಪುಣೆಗೆ ಒಯ್ದು ಮಾರುವ ಕೆಲಸ ಅವರದು. ಅಲ್ಲಿನ ಬೀಡಾ ಅಂಗಡಿಯೊಂದರಲ್ಲಿ ಯಾರೋ ದಣಿವಾರಿಸಲೆಂದು ಚಿಟಿಕೆ ಬಿಳಿಪುಡಿ ಹಾಕಿಕೊಟ್ಟರು. ಎರಡು ವರ್ಷದಲ್ಲಿ ಅದು ಮಾರದೆ ಉಳಿದ ಸೀರೆಗಳ ಮಡಿಕೆಯಲ್ಲಿ ಪೊಟ್ಟಣವಾಗಿ ಬೆಟಗೇರಿಗೂ ಬಂತು. ಚರ್ಮದ ಕೆಳಗೆ ಹುಳ ಹರಿದಂತೆ ಅನಿಸುವುದು ಆ ಪುಡಿಯ ಗುಣ. ಪಾಪ, ಮನೆಯವರು ಅದನ್ನು ಹಾಸಿಗೆಯಲ್ಲಿ ಹುಡುಕಿದರು.

ರೋಗವನ್ನು ಅಷ್ಟು ಚೆನ್ನಾಗಿ ಹಿಡಿದ ಫಕೀರಸಾಬರು ಚಿಕಿತ್ಸೆಯಲ್ಲಿ ಎಡವಿದರು. ಕೊಕೇನಿನ ರೀತಿಯೇ ಬೇರೆಯೆಂದು ಎಲ್ಲೋ ಓದಿದ ನೆನಪಿದೆಯೆಂದು ದವಾಖಾನೆಯ ಡಾಕ್ಟರ್ ಉಡಚಪ್ಪ ಹೊಂಬಳ ಅವರು ಅನುಮಾನಿಸಿದರು. "ವಿಷ ಯಾವುದಾದರೇನ್ರಿ, ಡಾಕ್ಟರಸಾಹೇಬ್ರ? ಮೆಟ್ಟಲಾ ಇಳಿಸಿದಂಗ ಇಳಿಸೂದು" ಎಂದು ಫಕೀರಸಾಬರು ಧೈರ್ಯ ಹೇಳಿದರು. ಡಾಕ್ಟರರು ಒಪ್ಪಿ ವಿಷದ ಕಪಾಟಿನ ಕೀಲಿ ಕೊಟ್ಟರು. ಕಣ್ಣಿನ ಔಷಧವನ್ನೇ ನೀರಿನಲ್ಲಿ ಬೆರೆಸಿ ದಿನಕ್ಕಿಷ್ಟು ಹನಿ ನಾಲಿಗೆಗೆ ಹಾಕುವುದು, ಎರಡು ದಿನಕ್ಕೊಮ್ಮೆ ಒಂದು ಹನಿ ಕಡಿಮೆ ಮಾಡುವುದು ಎಂದು ನಿಶ್ಚಯವಾಯಿತು. ಆದರೆ ಹನಿ ಕಡಿಮೆಯಾದಷ್ಟೂ ವಿಠೋಬಾ ಅವರ ಆಸೆ ಹೆಚ್ಚಾಯಿತು. ಅವರು ಬೆಳಗ್ಗೆಯೇ ಕಿಟಕಿಗೆ ಬಂದು ಕಾಯುತ್ತಿದ್ದರು, ಸಿಕ್ಕ ಮೇಲೆ ಇನ್ನೊಂದಕ್ಕೆ ಕಾಡುತ್ತಿದ್ದರು. ಹದಿನೆಂಟನೆಯ ದಿನ, ಮಗ್ಗದ ಮೇಲೆ ಹುಳಗಳು ಹರಿಯುತ್ತಿವೆಯೆಂದು ಕೂಗುತ್ತ, ಅರ್ಧ ನೇಯ್ದ ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೆ ಬಿಗಿದ ಉದ್ದೆಳೆಗಳನ್ನು, ಈ ತುದಿಯಿಂದ ಆ ತುದಿಯವರೆಗೆ ಕತ್ತರಿಸಿ ಹಾಕಿದರು.

ನೇಕಾರರ ಮನೆಯಲ್ಲಿ ಹಾಸು ಕತ್ತರಿಸುವುದೆಂದರೇನೆಂದು ಬೆಟಗೇರಿಯವರಿಗೆ ಹೇಳಬೇಕಾಗಿಲ್ಲ; ಅದು ಮನೆಯ ಅನ್ನವನ್ನೇ ಕತ್ತರಿಸಿದಂತೆ. ಚಂದ್ರವ್ವನವರು ಆ ತುಂಡನ್ನು ಉಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಬಂದರು.

"ನಿಮ್ಮ ಔಷಧದಿಂದ ಕಡಿಮಿ ಆಗಾಕತ್ತಿಲ್ರಿ, ಹೆಚ್ಚಾಗಾಕತ್ತೈತಿ. ನನ್ನ ಗಂಡ ನನಗ ತಿರುಗಿ ಸಿಗತಾರೋ ಇಲ್ಲೋ? ಖರೆ ಹೇಳ್ರಿ. ಇಲ್ಲಂದ್ರ ಇಲ್ಲ ಅನ್ರಿ, ನಾ ಗಟ್ಟಿ ಆಗತೀನಿ."

ಕಿಟಕಿಯ ಮುಂದೆ ಹತ್ತು ಮಂದಿಯಿದ್ದರು. ಹೆಸರು ಉಳಿಸಿಕೊಳ್ಳಬೇಕೆಂದಿದ್ದರೆ ರೋಗಿಯ ಮೇಲೆ ತಪ್ಪು ಹೊರಿಸಬಹುದಾಗಿತ್ತು. ನಮ್ಮಲ್ಲಿ ಅನೇಕರು ಹಾಗೆಯೇ ಮಾಡುತ್ತೇವೆ. ಫಕೀರಸಾಬರು ಕಿಟಕಿ ಬಿಟ್ಟು ಹೊರಗೆ ಬಂದರು.

"ತಪ್ಪು ನಂದು, ತಂಗೀ. ಅಫೀಮು ಬಿಡಿಸಿದ ಹಮ್ಮಿನ್ಯಾಗ ಇದನ್ನೂ ಹಂಗ ಬಿಡಸತೀನಿ ಅಂತ ಹೋದೆ. ನಿನ್ನ ಗಂಡ ಸಿಗತಾನೋ ಇಲ್ಲೋ ನನಗ ಗೊತ್ತಿಲ್ಲ. ಆದರ ನಾಳಿಂದ ಒಂದ ಹನಿನೂ ಕೊಡೂದಿಲ್ಲ, ಮತ್ತ ದಿನಾ ನಿಮ್ಮ ಮನಿಗೆ ಬರತೀನಿ. ಇದನ್ನ ಮಾತ್ರ ಖರೆ ಹೇಳಬಲ್ಲೆ."

ಡಾಕ್ಟರ್ ಉಡಚಪ್ಪನವರು ಹುಬ್ಬಳ್ಳಿಯಿಂದ ಪುಸ್ತಕ ತರಿಸಿ ಓದಿದರು, ಫಕೀರಸಾಬರು ರೋಗಿಯನ್ನೇ ಓದಿದರು. ಇಬ್ಬರಿಗೂ ತಿಳಿದದ್ದು ಒಂದೇ. ಅಫೀಮಿನಂತೆ ಕೊಕೇನು ದೇಹವನ್ನು ಕಟ್ಟಿಹಾಕುವುದಿಲ್ಲ, ಮನಸ್ಸನ್ನು ಕಟ್ಟಿಹಾಕುತ್ತದೆ; ಒಮ್ಮೆಲೇ ನಿಲ್ಲಿಸಿದರೆ ಮೈ ಬಳಲೀತು, ಮನಸ್ಸು ಕುಗ್ಗೀತು, ಹೊಟ್ಟೆಯ ನುಲಿತವಿಲ್ಲ; ಆದರೆ ಒಂದು ಹನಿ ಕೊಟ್ಟರೂ ಆಸೆಗೆ ಮತ್ತೆ ಜೀವ ಬರುತ್ತದೆ. ನಿಲ್ಲಿಸಿದ ಮೇಲೆ ವಿಠೋಬಾ ಅವರು ಎರಡು ದಿನ ಎಚ್ಚರವಿಲ್ಲದವರಂತೆ ಮಲಗಿದರು, ಎದ್ದು ಹಸಿದವರಂತೆ ಉಂಡರು, ಮತ್ತೆ ಮಲಗಿದರು. ವಾರದಲ್ಲಿ ಹುಳಗಳು ಹೋದವು.

ಹನಿ ನಿಲ್ಲಿಸಿದ ಹನ್ನೆರಡನೆಯ ದಿನ ಸಂಜೆ ಫಕೀರಸಾಬರೂ ವಿಠೋಬಾ ಅವರೂ ಕಟ್ಟೆಯ ಮೇಲೆ ಮಾತಾಡುತ್ತ ಕುಳಿತಿದ್ದಾಗ ಹುಬ್ಬಳ್ಳಿ ಕಡೆಯ ಗಾಡಿ ಸಿಳ್ಳು ಹಾಕಿತು. ನಗುತ್ತಿದ್ದ ವಿಠೋಬಾ ಅವರ ಹಣೆ ಬೆವರಿತು, ದವಡೆ ತಾನಾಗಿ ಅಗಿಯತೊಡಗಿತು, ಕೈ ಕಿಸೆಗೆ ಹೋಯಿತು. ಪುಣೆಗೆ ಹೊರಟಾಗಲೆಲ್ಲ ಆ ಗಾಡಿ ಹತ್ತಿಯೇ ಅವರು ಮೊದಲ ಪೊಟ್ಟಣ ಬಿಚ್ಚುತ್ತಿದ್ದರು. ವಿಷ ಮೈಯಿಂದ ಹೋಗಿತ್ತು, ಆದರೆ ಸಿಳ್ಳಿನಲ್ಲಿ, ಎಲೆಯ ಪೆಟ್ಟಿಗೆಯಲ್ಲಿ, ಅಡಕತ್ತರಿಯ ಸಪ್ಪಳದಲ್ಲಿ ಉಳಿದಿತ್ತು. ಎಲೆಯ ಪೆಟ್ಟಿಗೆಯನ್ನು ಚಂದ್ರವ್ವನವರು ಅಂದೇ ಮನೆಯಿಂದ ಹೊರಗೆ ಹಾಕಿದರು. ರೈಲನ್ನು ಹೊರಗೆ ಹಾಕಲು ಬರುವಂತಿರಲಿಲ್ಲ.

"ಹಾಲು ಉಕ್ಕತೈತಿ, ಉರಿ ಹಾಕದಿದ್ರ ತಾನ ಇಳಿತೈತಿ. ಇಳಿಯೂತನಕ ಇಬ್ಬರೂ ಕೂಡೇ ಕುಂಡ್ರೂಣು" ಎಂದರು ಫಕೀರಸಾಬರು. ಅಂದಿನಿಂದ ದಿನಾಲು ಗಾಡಿಯ ಹೊತ್ತಿಗೆ ಅವರು ಮಗ್ಗದ ಪಕ್ಕದಲ್ಲಿ ಹಾಜರು. ಕತ್ತರಿಸಿದ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಗಂಟು ಹಾಕುವ ಕೆಲಸ ಬಾಕಿಯಿತ್ತು. ಸಿಳ್ಳು ಕೇಳಿದೊಡನೆ ವಿಠೋಬಾ ಅವರು ಆ ತುದಿಯಿಂದ, ಚಂದ್ರವ್ವನವರು ಈ ತುದಿಯಿಂದ ಎಳೆ ಕೂಡಿಸತೊಡಗುವರು. ಫಕೀರಸಾಬರೂ ಒಂದೆರಡು ಸಲ ಕೈ ಹಾಕಿದ್ದುಂಟು. ಆ ಗಂಟುಗಳನ್ನು ಚಂದ್ರವ್ವನವರು ಅವರು ಹೋದ ಮೇಲೆ ಬಿಚ್ಚಿ ಹೊಸದಾಗಿ ಹಾಕುತ್ತಿದ್ದರಂತೆ. ಮೊದಮೊದಲು ಅರ್ಧ ತಾಸು ಉಕ್ಕುತ್ತಿದ್ದ ಆಸೆ ತಿಂಗಳ ಕೊನೆಗೆ ಹತ್ತು ನಿಮಿಷಕ್ಕೆ ಇಳಿಯಿತು. ಸೀರೆ ಪೂರ್ತಿಯಾಯಿತು.

ಇಲ್ಲಿಗೆ ಮುಗಿಸಿದ್ದರೆ ಲೇಖನ ಅಂದವಾಗುತ್ತಿತ್ತು, ಆದರೆ ಖರೆ ಆಗುತ್ತಿರಲಿಲ್ಲ. ೧೯೫೧ರಲ್ಲಿ ವಿಠೋಬಾ ಅವರು ಮತ್ತೆ ಸೀರೆಗಳೊಂದಿಗೆ ಪುಣೆಗೆ ಹೊರಟರು. ಕಳಿಸಲೇ ಬೇಡವೇ ಎಂದು ಚಂದ್ರವ್ವನವರು ಕೇಳಿದಾಗ, "ಕಟ್ಟಿ ಹಾಕಿದ್ರ ಅವ ಆರಾಮ ಆದಂಗಲ್ಲ, ತಂಗೀ" ಎಂದು ಫಕೀರಸಾಬರು ಹೇಳಿದರು. ಹೇಳಿದರೇ ಹೊರತು ಆ ನಾಲ್ಕು ದಿನ ಅವರಿಗೂ ಅನ್ನ ಸೇರಲಿಲ್ಲ. ಐದನೆಯ ಬೆಳಗ್ಗೆ ವಿಠೋಬಾ ಅವರು ನಿಲ್ದಾಣದಿಂದ ಮನೆಗೂ ಹೋಗದೆ ಗಂಟಿನೊಡನೆ ಕಿಟಕಿಯ ಮುಂದೆ ನಿಂತರು.

"ಒಂದ ಸಲ ತಿಂದೆರಿ, ಅಣ್ಣಾರ. ಯಾರೂ ನೋಡಿಲ್ಲ, ನಾ ಹೇಳದಿದ್ರ ಯಾರಿಗೂ ಗೊತ್ತಾಗತಿರಲಿಲ್ಲ. ಮುಚ್ಚಿಟ್ರ ಮತ್ತ ತಿಂತೀನಿ ಅಂತ ಹೆದರಿಕಿ ಆತು."

"ಬಂದು ಹೇಳಿದಿ ನೋಡು, ಇವತ್ತ ನೀ ಆರಾಮ ಆದಿ. ಕುಂಡ್ರು. ಚಂದ್ರವ್ವಗ ನಾನೂ ಬಂದು ಹೇಳತೀನಿ, ನಡಿ."

ಬಿದ್ದವನು ಕೆಟ್ಟವನಲ್ಲ, ಬಿದ್ದುದನ್ನು ಮುಚ್ಚಿಟ್ಟರೆ ಕೆಡುತ್ತಾನೆ ಎಂಬುದು ಅಂದಿನಿಂದ ಆ ದವಾಖಾನೆಯ ಚಿಕಿತ್ಸೆಯ ಭಾಗವಾಯಿತು. ಆರು ವರ್ಷಗಳಾದವು; ವಿಠೋಬಾ ಅವರು ಮತ್ತೆ ಅದನ್ನು ಮುಟ್ಟಿಲ್ಲ. ಹೋದ ನವೆಂಬರಿನಲ್ಲಿ ನಾಡು ಒಂದಾದಾಗ ಫಕೀರಸಾಬರು, "ಕುಂತ ಜಾಗಾ ಬಿಟ್ಟಿಲ್ಲ, ಇನ್ನೊಂದು ಸರಕಾರ ಬಂತು" ಎಂದು ನಕ್ಕು ಓಣಿಗೆಲ್ಲ ಸಕ್ಕರೆ ಹಂಚಿದರು.

ಈ ಸಂಪುಟಕ್ಕೆ ಅವರು ಒಪ್ಪಿದ್ದು ಒಂದೇ ಕರಾರಿನ ಮೇಲೆ: ಹದಿನೆಂಟು ದಿನಗಳ ಅವರ ತಪ್ಪು ಅಚ್ಚಾಗಬೇಕು. ತಪ್ಪು ಅಚ್ಚಾದರೆ ರೋಗಿಯ ಹೆಸರೂ ಬರುತ್ತದಲ್ಲ, ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ ಎಂದು ಸಮಿತಿಯವರು ಅಂಜಿದರು. ಹೆಸರು ಬದಲಿಸುವುದಾಗಿ ಹೇಳಲು ಮನೆಗೆ ಹೋದರು. ವಿಠೋಬಾ ಅವರು ಚಂದ್ರವ್ವನವರ ಮುಖ ನೋಡಿದರು, ಅವರು ಹೂಂ ಎಂದು ತಲೆಯಾಡಿಸಿದರು.

"ಹೆಸರು ಹಾಕ್ರಿ, ಓಣಿನೂ ಹಾಕ್ರಿ. ನನ್ನಂಥವ ಇನ್ನೊಬ್ಬ ಎಲ್ಲೋ ಮುಚ್ಕೊಂಡು ಕುಂತಿರತಾನ. ಅವ ಓದಿದ್ರ ಎಲ್ಲಿಗೆ ಬರಬೇಕು ಅಂತ ಗೊತ್ತಾಗಲಿ."

ಅದಕ್ಕಾಗಿ, ಫಕೀರಸಾಬರೇ, ಎಲ್ಲರೂ ನಿವೃತ್ತರಿಗೆ ಹಾರೈಸುವ ವಿಶ್ರಾಂತಿಯನ್ನು ನಾವು ನಿಮಗೆ ಹಾರೈಸಲಾರೆವು. ಅಲ್ಲಾಹನೂ ಶಿರಹಟ್ಟಿಯ ಫಕೀರೇಶ್ವರನೂ ನಿಮಗೆ ತುಂಬು ನೂರು ವರ್ಷಗಳನ್ನೂ ಗಟ್ಟಿ ಕಾಲುಗಳನ್ನೂ ಕೊಡಲಿ. ಓದುಗರಲ್ಲಿ ಯಾರಿಗಾದರೂ ಚಟ ಬಿಡಲು ನೆರವು ಬೇಕಾದರೆ, ಬೆಟಗೇರಿಯ ನೇಕಾರ ಓಣಿಗೆ ಬಂದು ವಿಠೋಬಾ ಅವರ ಮನೆಯನ್ನು ಕೇಳಿರಿ. ಸಂಜೆಯ ಗಾಡಿಯ ಹೊತ್ತಿಗೆ ಫಕೀರಸಾಬರೂ ವಿಠೋಬಾ ಅವರೂ ಅಲ್ಲಿರುತ್ತಾರೆ.