ಎರಡು ಅಡಿ ಎರಡು ಇಂಚು

ವಾಚಣ್ಣನೂ ಟೈಲರಮ್ಮನೂ ಗಂಡ ಹೆಂಡತಿ. ಇಪ್ಪತ್ತಾರು ವರ್ಷದಿಂದ ಒಂದೇ ಅಂಗಡಿ. ಆ ಕಡೆ ಅವನ ಗಡಿಯಾರ ರಿಪೇರಿ, ಈ ಕಡೆ ಅವಳ ಹೊಲಿಗೆ ಮೆಷಿನ್ನು. ಎದ್ದು ನಿಲ್ಲುವ ಪ್ರಮೇಯವೇ ಬಾರದಷ್ಟು ಚಿಕ್ಕ ಜಾಗ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ವಾಚಣ್ಣ ತಲೆಯೆತ್ತದೆ ಎಡಗೈ ಚಾಚುತ್ತಿದ್ದ. ಅವಳು ಮೆಷಿನ್ ತುಳಿಯುತ್ತಲೇ ಅವನಿಗೆ ಬೇಕಾದದ್ದನ್ನು ಆ ಕೈಯಲ್ಲಿಡುತ್ತಿದ್ದಳು. ಚಿಮುಟವೋ ಎಣ್ಣೆಯೋ ನೀರೋ ಎಂದು ಕೇಳುವ ಪದ್ಧತಿ ಇರಲಿಲ್ಲ. ಹೀಗೆ ಕೂತು ಕೂತೇ ಅವನ ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿವೆ ಎಂದು ಡಾಕ್ಟರು ಹೇಳಿದಾಗ ಅವಳಿಗೆ ಸಿಟ್ಟು ಬಂದದ್ದು ಡಾಕ್ಟರ ಮೇಲೆ. ಗಡಿಯಾರವನ್ನು ನಿಂತುಕೊಂಡು ಯಾರು ರಿಪೇರಿ ಮಾಡುತ್ತಾರೆ?

ಬೈಪಾಸ್ ಆಗಿ ಮೂರನೆಯ ದಿನ ಅವನನ್ನು ಐಸಿಯುನಿಂದ ಕೋಣೆಗೆ ತಂದರು. ಟೈಲರಮ್ಮ ಅಳತೆ ಟೇಪು ತೆಗೆದು, ಮಂಚದ ಮೇಲಿಂದ ಅವನ ಕೈ ಎಲ್ಲಿಯವರೆಗೆ ಹೋಗುತ್ತದೆಂದು ಅಳೆದಳು. ಎರಡು ಅಡಿ ಎರಡು ಇಂಚು. ನೀರಿನ ಬಾಟಲಿ, ಕನ್ನಡಕ, ಟವೆಲು, ರೇಡಿಯೋ, ಮಾತ್ರೆ ಡಬ್ಬಿ, ಮೂತ್ರದ ಬಾಟಲಿ ಸಮೇತ ಎಲ್ಲವೂ ಆ ಅಳತೆಯೊಳಗೆ ಬಂದು ಕೂತವು. ತಾನೂ ಎಡಗಡೆಗೆ ಕುರ್ಚಿ ಎಳೆದುಕೊಂಡಳು.

"ಪರವಾಗಿಲ್ವೇ, ಅಂಗಡಿ ಇಟ್ಟ ಹಾಗಿದೆ" ಅಂದರು ನರ್ಸಮ್ಮ. ಹೊಗಳಿದರೆಂದೇ ಅವಳು ತಿಳಿದಳು.

ಎರಡು ದಿನ ಕಳೆದರೂ ವಾಚಣ್ಣ ಮಂಚ ಬಿಟ್ಟು ಇಳಿಯಲಿಲ್ಲ. ನಡೆಸಲು ಬಂದವರಿಗೆಲ್ಲ "ನಾಳೆ" ಅನ್ನುತ್ತಿದ್ದ. ಎದೆಯ ಹೊಲಿಗೆ ಬಿಚ್ಚಿಕೊಂಡೀತೆಂದು ಅವನಿಗೆ ಭಯ. ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಅವಳನ್ನು ಬಾಗಿಲಾಚೆ ಕರೆದರು.

"ಶ್ವಾಸಕೋಶದಲ್ಲಿ ಕಫ ಕಟ್ತಾ ಇದೆಯಮ್ಮ. ನಡೆದ್ರೆ ಸರಿಹೋಗುತ್ತೆ. ನಡೀಲಿಲ್ಲ ಅಂದ್ರೆ ಮತ್ತೆ ಐಸಿಯು. ಆಮೇಲಿನದು ನಾನು ಹೇಳೋಕಾಗಲ್ಲ."

ಆಪರೇಷನ್ನಿನ ದಿನವೂ ಅವಳು ಇಷ್ಟು ಹೆದರಿರಲಿಲ್ಲ. ಒಳಗೆ ಬಂದವಳೇ ಓರಣವಾಗಿ ಜೋಡಿಸಿಟ್ಟದ್ದನ್ನೆಲ್ಲ ಎತ್ತಿ ಕಿಟಕಿಯ ಹತ್ತಿರ ಇಟ್ಟಳು.

"ಏನೇ ಇದು?"

"ಬೇಕಾದ್ರೆ ಎದ್ದು ತಗೊಳ್ಳಿ."

"ಎದೆ ಬಿಚ್ಚಿಕೊಂಡ್ರೆ?"

"ಹೊಲಿಗೆ ನಾನೇ ನೋಡಿದೀನಿ ರೀ. ಎಲ್ಲೂ ಸಡಿಲ ಇಲ್ಲ. ಕೈಕೆಲಸ ಗೊತ್ತಿರೋರೇ ಹಾಕಿದಾರೆ."

ವಾಚಣ್ಣ ನೀರಿಲ್ಲದೆ, ಕನ್ನಡಕವಿಲ್ಲದೆ ಮಧ್ಯಾಹ್ನದವರೆಗೆ ಗೋಡೆ ನೋಡುತ್ತ ಮಲಗಿದ. ಹಠದಲ್ಲಿ ಅವನನ್ನು ಮೀರಿಸುವವಳು ಅವಳೊಬ್ಬಳೇ. ನರ್ಸಮ್ಮನನ್ನು ಕಾಡಿ ಬೇಡಿ ಒಪ್ಪಿಸಿ, ಕಾರಿಡಾರಿನ ಕೊನೆಯ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿ ಬಂದಳು.

"ರೀ, ಹೊರಗಿನ ಗಡಿಯಾರ ಹಿಂದಿದೆ."

"ಅವರ ಗಡಿಯಾರ, ಅವರೇ ನೋಡ್ಕೊಳ್ಳಲಿ" ಎಂದು ಅವನು ಕಣ್ಣು ಮುಚ್ಚಿದ.

ತಪ್ಪು ಗಂಟೆ ತೋರಿಸುವ ಗಡಿಯಾರವನ್ನು ವಾಚಣ್ಣ ಹಾಗೆಯೇ ಬಿಟ್ಟದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ. ಈ ಮನುಷ್ಯ ಬದುಕುವ ಆಸೆಯನ್ನೇ ಬಿಟ್ಟನೇನೋ ಅನ್ನಿಸಿತು.

ಎರಡು ಅಡಿ ಎರಡು ಇಂಚಿನೊಳಗೆ ಇನ್ನೊಂದೇ ಬಾಕಿ ಇತ್ತು. ಅವನಿಗೆ ಜೋಂಪು ಹತ್ತಿದ್ದನ್ನು ನೋಡಿ ಅವಳು ತನ್ನ ಕುರ್ಚಿ ಎತ್ತಿಕೊಂಡು ಹೋಗಿ ಆ ಗಡಿಯಾರದ ಕೆಳಗೆ ಹಾಕಿಕೊಂಡಳು. ತೆರೆದ ಬಾಗಿಲಿನಿಂದ ಮಂಚದ ಅಂಚು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನ ಎಡಗೈ ಹೊರಗೆ ಚಾಚಿತು. ಕಾಯಿತು. ಬೆರಳು ಮಡಚಿ, ಮತ್ತೆ ಬಿಚ್ಚಿತು. ಅವಳ ಕಾಲುಗಳು ತಾವಾಗಿಯೇ ಏಳಲು ಹೊರಟವು. ಎರಡೂ ಕೈಯಲ್ಲಿ ಕುರ್ಚಿಯನ್ನು ಹಿಡಿದುಕೊಂಡು ಕೂತಳು.

ಕೊನೆಗೆ ಮಂಚದ ಅಂಚಿನಿಂದ ಎರಡು ಪಾದ ಇಳಿದವು.

ನರ್ಸಮ್ಮ ಓಡಿ ಹೋಗಿ ಪಕ್ಕಕ್ಕೆ ನಿಂತರು. ಕನ್ನಡಕ ಹಾಕಿಕೊಂಡು, ದಿಂಬನ್ನು ಎದೆಗೆ ಅವುಚಿಕೊಂಡು, ನಲವತ್ತು ಹೆಜ್ಜೆಗೆ ಆರು ಸಲ ನಿಂತು, ವಾಚಣ್ಣ ಬಂದ. ಮೊದಲು ತನ್ನ ಕೈಗಡಿಯಾರ ನೋಡಿದ, ಆಮೇಲೆ ಗೋಡೆಯದು, ಕೊನೆಗೆ ಹೆಂಡತಿಯನ್ನು.

"ಹನ್ನೊಂದು ನಿಮಿಷ ಹಿಂದಿದೆ" ಅಂದ.

"ನಾನು ಹತ್ತೇ ತಿರುಗಿಸಿದ್ದು."

"ಒಂದು ಮೊದಲೇ ಹಿಂದಿತ್ತು." ಏದುಸಿರು ಬಿಟ್ಟು ಹೇಳಿದ, "ಕೈ ಚಾಚಿದೆ. ನೀನಿರಲಿಲ್ಲ."

ಟೈಲರಮ್ಮನಿಗೆ ಅಳು ಒತ್ತರಿಸಿ ಬಂತು. ಅತ್ತು, ಮೂಗು ಒರೆಸಿಕೊಂಡು, ಎದ್ದು ಕುರ್ಚಿಯನ್ನು ಅವನಿಗೆ ಬಿಟ್ಟುಕೊಟ್ಟಳು.

"ನಾಳೆಯಿಂದ ಮೊದಲಿನ ಜಾಗದಲ್ಲೇ ಕೂತ್ಕೊ" ಅಂದ ಅವನು.

"ಇಲ್ಲ ರೀ. ನಾಳೆ ಮೆಟ್ಟಿಲ ಹತ್ರ ಕೂತಿರ್ತೀನಿ."