ಹೊಸ್ತಿಲೊಳಗಿನ ಚಪ್ಪಲಿ

ಮೂಡಲಗಿಯ ನಮ್ಮ ಮನೆಯಲ್ಲಿ ಚಪ್ಪಲಿ ಹೊಸ್ತಿಲು ದಾಟುವಂತಿಲ್ಲ. ಅದು ನನ್ನ ಅತ್ತೆಯ ಕಾನೂನು. ಒಮ್ಮೆ ಕರೆಂಟಿನ ಮೀಟರ್ ನೋಡಲು ಬಂದವನು ಬೂಟುಗಾಲಲ್ಲೇ ಪಡಸಾಲೆಗೆ ಬಂದನೆಂದು ಇಡೀ ಮನೆ ತೊಳೆಸಿದ್ದರು. ತೊಳೆದವಳು ನಾನು.

ನನಗೆ ಸಕ್ಕರೆ ಕಾಯಿಲೆ. ಹೊಲದಲ್ಲಿ ಎಡಗಾಲಿಗೆ ಕಬ್ಬಿನ ಕೂಳೆ ಚುಚ್ಚಿದ್ದು ಗೊತ್ತೇ ಆಗಲಿಲ್ಲ, ಗೊತ್ತಾಗುವಷ್ಟರಲ್ಲಿ ಬೆರಳುಗಳು ಕಪ್ಪಾಗಿದ್ದವು. ಗೋಕಾಕದ ಆಸ್ಪತ್ರೆಯಲ್ಲಿ ಬೆರಳುಗಳ ಜೊತೆಗೆ ಪಾದದ ಮುಂಭಾಗವನ್ನೂ ತೆಗೆದರು. ಹಿಮ್ಮಡಿ ಉಳಿಯಿತು. ಎಚ್ಚರವಾದಾಗ ಅತ್ತೆ ಪಕ್ಕದಲ್ಲಿ ಕೂತು ಅಳುತ್ತಿದ್ದರು. ಆಪರೇಷನ್ನಿಗೆ ಮುಂಚೆ ನರ್ಸ್ ಬಿಚ್ಚಿಕೊಟ್ಟ ನನ್ನ ಎಡಗಾಲಿನ ಕಾಲುಂಗುರ ಅವರ ಸೆರಗಿನ ಗಂಟಿನಲ್ಲಿತ್ತು. ಮುತ್ತೈದೆಯ ಕಾಲು ಬರಿದಾಯಿತಲ್ಲ ಎಂಬ ಚಿಂತೆ.

"ಬೆರಳ ಹೋಗಿದ್ದಕ್ಕ ಅಳ್ರಿ ಅತ್ತಿ, ಉಂಗುರದ್ದೇನ ದೊಡ್ಡದು" ಎಂದೆ.

"ಎರಡಕ್ಕೂ ಅಳಾಕತ್ತೇನಿ. ನೀ ಸುಮ್ಮನ ಮಲಕೋ" ಎಂದು ಗದರಿದರು.

ಮಾತಾಡಿಸಲು ಯಮಕನಮರಡಿಯಿಂದ ಬಂದ ನನ್ನ ಅಕ್ಕ ಕರದಂಟಿನ ಡಬ್ಬಿ ತಂದಿದ್ದಳು. ಸಕ್ಕರೆ ಕಾಯಿಲೆಯವಳಿಗೆ! "ಇದರಾಗ ಬೆಲ್ಲ ಐತಿ, ಸಕ್ರಿ ಇಲ್ಲವ್ವಾ" ಎಂಬ ಸಮಾಧಾನ ಬೇರೆ. ಡಬ್ಬಿ ಖಾಲಿ ಮಾಡಿದವರು ನನ್ನ ಗಂಡ.

ಗಾಯ ಮಾಗಿದ ಮೇಲೆ ಆಸ್ಪತ್ರೆಯವರು ಎಡಗಾಲಿಗೆಂದೇ ಒಂದು ಚಪ್ಪಲಿ ಮಾಡಿಸಿಕೊಟ್ಟರು. ಬೆರಳಿನ ಜಾಗದಲ್ಲಿ ಮೆತ್ತನೆಯ ಸ್ಪಂಜು, ಮೇಲೆ ಎರಡು ಪಟ್ಟಿ. "ಮನಿಯಾಗೂ ಇದನ್ನ ಹಾಕ್ಕೊಂಡ ಅಡ್ಡಾಡಬೇಕ್ರಿ. ಮತ್ತ ಗಾಯ ಆಗಿ ಕೊಳೀತಂದ್ರ ಮೊಳಕಾಲ ತನಕ ತಗೀಬೇಕಾಗ್ತೈತಿ" ಎಂದರು ಡಾಕ್ಟರು. ನಾನು ಅತ್ತೆಯ ಮುಖ ನೋಡಿದೆ. ಅವರು ಗೋಡೆ ನೋಡಿದರು.

ಮನೆಗೆ ಬಂದು ವಾಕರ್ ಹಿಡಿದು ಹೊಸ್ತಿಲ ಬಳಿ ನಿಂತೆ. ಅಡುಗೆಮನೆಗೆ ಹೋಗಬೇಕೆಂದರೆ ದೇವರ ಜಗಲಿಯ ಮುಂದೆಯೇ ದಾರಿ. "ಹಾಕ್ಕೊಂಡ ಬಾ" ಎಂದರು ಗಂಡ, ತಾಯಿಯ ಕಡೆ ನೋಡುತ್ತ, ಅರ್ಧ ದನಿಯಲ್ಲಿ. ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಚಪ್ಪಲಿ ಹೊರಗೆ ಬಿಚ್ಚಿಟ್ಟು ಬರಿಗಾಲಲ್ಲೇ ಒಳಗೆ ಬಂದೆ. ಹಠ ಅಂದರೆ ಹಠ.

ಕೆಲವು ದಿನ ಹಾಗೇ ನಡೆಯಿತು. ಒಂದು ಬೆಳಿಗ್ಗೆ ನೆಲ ಒರೆಸುತ್ತಿದ್ದ ಅತ್ತೆ ಚೀರಿದರು. ನಾನು ನಡೆದ ಜಾಗದಲ್ಲಿ ರಕ್ತದ ಚುಕ್ಕೆಗಳಿದ್ದವು. ಗಂಡ ಕಾಲಿಗೆ ಬಟ್ಟೆ ಸುತ್ತಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಮೊಳಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಪುಣ್ಯಕ್ಕೆ ಚರ್ಮ ತುಸು ಸುಲಿದಿತ್ತು, ಅಷ್ಟೇ. ಡ್ರೆಸಿಂಗ್ ಮಾಡಿ ಕಳಿಸಿದರು.

ನಾವು ಮರಳಿದಾಗ ಅತ್ತೆ ಪಡಸಾಲೆಯಲ್ಲಿ ಕೂತಿದ್ದರು, ತೊಡೆಯ ಮೇಲೆ ನನ್ನ ಚಪ್ಪಲಿ. ತೊಳೆದು ಒರೆಸಿದ್ದರು. ದಬ್ಬಳ ಹಿಡಿದು ಮುಂದಿನ ಪಟ್ಟಿಗೆ ಏನೋ ಹೊಲಿಯುತ್ತಿದ್ದರು. ಬಗ್ಗಿ ನೋಡಿದರೆ, ನನ್ನ ಬೆಳ್ಳಿಯ ಕಾಲುಂಗುರ.

"ಕಾಲುಂಗುರ ಹಾಕಿದ ಮ್ಯಾಲ ಇದು ಚಪ್ಪಲಿ ಅಲ್ಲ, ನನ್ನ ಸೊಸಿ ಕಾಲ" ಎಂದರು. "ಕಾಲ ಹೊರಗ ಬಿಟ್ಟು ಯಾರರ ಮನಿಯೊಳಗ ಬರ್ತಾರೇನವಾ?"

ನನಗೆ ಅಳು ಬಂತು. ಕಣ್ಣೊರೆಸಿಕೊಂಡು, ಚಪ್ಪಲಿಯ ಪಟ್ಟಿ ಬಿಗಿದುಕೊಂಡು, ದೇವರ ಜಗಲಿಯ ಮುಂದಿನಿಂದಲೇ ಹೋಗಿ ಎಲ್ಲರಿಗೂ ಚಹಾಕ್ಕಿಟ್ಟೆ.

ಬಲಗಾಲಿನ ಚಪ್ಪಲಿ ಮಾತ್ರ ಇವತ್ತಿಗೂ ಹೊಸ್ತಿಲಾಚೆಯೇ ಇರುತ್ತದೆ. ಅದರ ಉಂಗುರ ಕಾಲಲ್ಲೇ ಇದೆಯಲ್ಲ.