ಅಮಾವಾಸ್ಯೆಯ ರೊಟ್ಟಿಗಂಟು

ಇದನ್ನು ಅಜ್ಜಿ ನನಗೆ ಹೇಳಿದ್ದು ಸಿಂಧನೂರಿನ ನಮ್ಮ ಮನೆಯ ಪಡಸಾಲೆಯಲ್ಲೋ, ಸಂತೆಕಲ್ಲೂರಿಗೆ ಹೋಗುವ ಬಸ್ಸಿನಲ್ಲೋ, ಈಗ ಖಾತ್ರಿಯಿಲ್ಲ. ಒಂದೇ ಸಲ ಹೇಳಿದಳೋ, ತುಂಡುತುಂಡಾಗಿ ಹೇಳಿದ್ದನ್ನು ನಾನೇ ಹೊಂದಿಸಿಕೊಂಡೆನೋ, ಅದೂ ತಿಳಿಯದು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಒಬ್ಬರ ಮಾತನ್ನಷ್ಟೇ ನಂಬಿ ಕೂಡಬಾರದೆಂದು ಕಲಿತವನು. ಈ ಕಥೆಯಲ್ಲಿ ಅಜ್ಜಿಗಿಂತ ನನ್ನ ನೆನಪಿನ ಮೇಲೆಯೇ ನನಗೆ ಅನುಮಾನ ಹೆಚ್ಚು.

ನಿಜಾಮನ ಆಳ್ವಿಕೆಯ ಕಡೆಯ ದಿನಗಳು. ಅಜ್ಜ ಗಡಿಯಾಚೆ ಹೋರಾಟಗಾರರ ಶಿಬಿರ ಸೇರಿದ್ದ. ಅಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಸಂತೆಕಲ್ಲೂರಿನಲ್ಲಿ ಅಜ್ಜಿ ರೊಟ್ಟಿ ಬಡಿದು, ಒಣಗಿಸಿ, ಗಂಟು ಕಟ್ಟುತ್ತಿದ್ದಳು. ಮಸ್ಕಿ ಕಡೆಯಿಂದ ಬರುತ್ತಿದ್ದ ಒಬ್ಬ ಬಳೆಗಾರ್ತಿ ಅದನ್ನು ಬಳೆಗಳ ಅಡಿಯಲ್ಲಿಟ್ಟುಕೊಂಡು ಶಿಬಿರ ಮುಟ್ಟಿಸುತ್ತಿದ್ದಳು. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಅವರೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಎಲ್ಲಕ್ಕೂ ಮೇಲಿನ ರೊಟ್ಟಿಗೆ ಎಳ್ಳು ಹಚ್ಚಿದ್ದರೆ, ಊರಲ್ಲಿ ನಿಜಾಮನ ಕಡೆಯ ರಜಾಕಾರರು ಇದ್ದಾರೆ, ಯಾರೂ ಬರಬೇಡಿ ಎಂದು ಅರ್ಥ.

ಎಳ್ಳಮವಾಸ್ಯೆಯ ಹಿಂದಿನ ದಿನ ರಜಾಕಾರರು ಊರು ಹೊಕ್ಕರು. ಅಜ್ಜಿ ಎಳ್ಳು ಹಚ್ಚಿದ ರೊಟ್ಟಿ ಮೇಲಿಟ್ಟು ಗಂಟು ಕಳಿಸಿದಳು. ಮರುದಿನ ಓಣಿಯ ಹೆಂಗಸರು ಬುಟ್ಟಿ ಹೊತ್ತು ಹೊಲಕ್ಕೆ ಹೊರಟಾಗ ಅವಳಿಗೆ ತನ್ನ ತಪ್ಪು ಹೊಳೆಯಿತು. ಎಲ್ಲರ ಬುಟ್ಟಿಯಲ್ಲೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಆ ಹಬ್ಬಕ್ಕೆ ಎಳ್ಳಿಲ್ಲದ ರೊಟ್ಟಿ ಯಾರ ಮನೆಯಲ್ಲೂ ಆಗುವುದಿಲ್ಲ. ಶಿಬಿರದವರು ತನ್ನ ಎಚ್ಚರಿಕೆಯನ್ನು ಹಬ್ಬದೂಟ ಅಂದುಕೊಂಡರೆ?

ಜನ ಹಬ್ಬದಡುಗೆಯನ್ನು ಬೆಳೆಯ ಮೇಲೆ ಚರಗವಾಗಿ ಚೆಲ್ಲುತ್ತಿರುವಾಗ ಅಜ್ಜ ಹೊಲದ ಬದುವಿನಲ್ಲಿ ಕಾಣಿಸಿಕೊಂಡ. ರಜಾಕಾರರು ಅಲ್ಲೇ ಗುಂಡು ಹೊಡೆದು ಕೊಂದರು.

ಬಳೆಗಾರ್ತಿ ಮತ್ತೆ ಊರಿಗೆ ಬರಲಿಲ್ಲ. “ಹೆದರ್ಯಾಳ, ಪಾಪ,” ಎನ್ನುತ್ತಿದ್ದಳು ಅಜ್ಜಿ.

ಎಳ್ಳಮವಾಸ್ಯೆ ಬಂದಾಗೆಲ್ಲ ಅವಳು ಎಳ್ಳಿನ ರೊಟ್ಟಿಯ ತಾಟನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಕಾಲೇಜಿನ ದಿನಗಳಲ್ಲಿ ನಾನು ಛೇಡಿಸಿದ್ದುಂಟು.

“ಯಾಕಬೇ, ಎಳ್ಳು ಹಲ್ಲಾಗ ಸಿಗತೈತೇನು?”

“ಹಲ್ಲೆಲ್ಲಿ ಅದಾವಲೇ ಸಿಗಾಕ? ನೀ ದೊಡ್ಡ ಓದಿದಾಂವ, ನಿನ್ನ ಪುಸ್ತಕದಾಗ ನೋಡು ಹೋಗು.”

ಪುಸ್ತಕಗಳಲ್ಲಿ ನೋಡಿದೆ. ಶಿಬಿರದ ಗಂಡಸರ ಹೆಸರುಗಳಿದ್ದವು. ಅವರು ಏನುಂಡರು, ಯಾರು ಬಡಿದದ್ದು, ಯಾರು ಹೊತ್ತದ್ದು ಎಂಬುದು ಎಲ್ಲೂ ಇರಲಿಲ್ಲ.

ಒಮ್ಮೆ ವಿಮೋಚನಾ ದಿನದಂದು ಸಿಂಧನೂರಿನಲ್ಲಿ ಅಜ್ಜಿಯನ್ನು ವೇದಿಕೆಗೆ ಕರೆದು, ಹುತಾತ್ಮರ ಪತ್ನಿ ಎಂದು ಶಾಲು ಹೊದಿಸಿದರು. ಮನೆಗೆ ಬಂದವಳೇ ಅದನ್ನು ತೆಗೆದು ನನ್ನ ಕೈಗಿತ್ತಳು. “ಕೊಂದಾಕಿಗೇ ಶಾಲು ಹೊಚ್ಚ್ಯಾರ ನೋಡಪಾ,” ಎಂದಳು. ನೀನೂ ಹೋರಾಟ ಮಾಡಿದವಳೇ ಎಂದು ಸಮಾಧಾನ ಹೇಳಿದೆ. “ರೊಟ್ಟಿ ಬಡಿಯೋದು ಯಾವ ಹೋರಾಟಲೇ? ಅದರಾಗೂ ತಪ್ಪಿದೆ,” ಎಂದಳು. ಅದೇ ಭಾರ ಹೊತ್ತುಕೊಂಡೇ ಹೋದಳು.

ಅವಳು ಹೋದ ಮೇಲೆ, ಆ ಶಿಬಿರದಲ್ಲಿದ್ದ ಹಿರಿಯರೊಬ್ಬರು ಲಿಂಗಸುಗೂರಿನಲ್ಲಿ ಇನ್ನೂ ಇದ್ದಾರೆಂದು ತಿಳಿದು ಹೋದೆ. ತೊಂಬತ್ತು ದಾಟಿದವರು. ಕಿವಿಯ ಹತ್ತಿರ ಬಾಗಿ, ಎಳ್ಳಿನ ರೊಟ್ಟಿ ನೋಡಿಯೂ ಅಜ್ಜ ಯಾಕೆ ಹೊರಟ ಎಂದು ಕೇಳಿದೆ.

“ಯಾವ ಎಳ್ಳಿನ ರೊಟ್ಟಿ ತಮ್ಮಾ? ಆ ಸಲ ಗಂಟೇ ಬರಲಿಲ್ಲ. ದಾರಿ ನೋಡಿ ನೋಡಿ ಸಾಕಾತು. ‘ಆಕಿ ಎಂದೂ ತಪ್ಪಿಸಿದಾಕಿ ಅಲ್ಲ, ಮನ್ಯಾಗ ಏನೋ ಆಗೇತಿ, ನೋಡಿ ಬರ್ತೀನಿ’ ಅಂತ ನಿಮ್ಮಜ್ಜ ಎದ್ದು ಹೊಂಟ.”

“ಬಳೆಗಾರ್ತಿ ಏನಾದಳ್ರೀ?”

“ಏನಾದಳೋ ಯಾಂವಗ ಗೊತ್ತು. ರಜಾಕಾರರು ದಾರ್ಯಾಗ ಹಿಡದಿರಬೇಕು. ಹೆಸರು ನಾವು ಯಾರೂ ಕೇಳಿರಲಿಲ್ಲ. ಅಕ್ಕ ಅಂತಿದ್ವಿ, ಅಷ್ಟ.”

ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಬಹಳ ಹೊತ್ತು ಕೂತೆ. ಬಂದ ಬಸ್ಸು ಹತ್ತಲಿಲ್ಲ. ಅಜ್ಜಿಗೆ ಹೇಳಬೇಕಾಗಿದ್ದ ಮಾತು ಸಿಕ್ಕಿತ್ತು, ಕೇಳಲು ಅವಳಿರಲಿಲ್ಲ. ಆಮೇಲೆ ಅನುಮಾನಪಡುವ ನನ್ನ ಹಳೆಯ ಚಾಳಿ ಕೆಣಕಿತು. ಇಷ್ಟು ವಯಸ್ಸಾದವರ ನೆನಪು, ಅದೂ ಎದುರಿಗೆ ಮೊಮ್ಮಗ ಕೂತಿದ್ದಾನೆ. ಕನಿಕರಕ್ಕೆ ಹೇಳಿದ್ದರೆ?

ಅದೇ ಶಿಬಿರದಲ್ಲಿದ್ದ ಇನ್ನೊಬ್ಬರು ಮಸ್ಕಿಯಲ್ಲಿದ್ದರು. ಅವರಿಗೆ ನಾನು ಯಾರ ಮೊಮ್ಮಗನೆಂದು ಹೇಳಲಿಲ್ಲ. ರೊಟ್ಟಿಯ ಮಾತು ಎತ್ತಲಿಲ್ಲ. ಆ ವರ್ಷ ಎಳ್ಳಮವಾಸ್ಯೆಗೆ ಶಿಬಿರದಲ್ಲಿ ಏನುಂಡಿರಿ ಎಂದಷ್ಟೇ ಕೇಳಿದೆ.

“ಏನುಣ್ಣೋದ್ರೀ? ಸಂತೆಕಲ್ಲೂರ ರೊಟ್ಟಿ ಬರಲಿಲ್ಲ. ಹಸಿ ಕಡ್ಲಿ ಕಿತ್ತು ತಿಂದ್ವಿ.”

ಗಂಟು ಶಿಬಿರ ಮುಟ್ಟಿರಲೇ ಇಲ್ಲ.